ಇನ್ಲೆಟ್ ಲಿಪ್ ಮೇಲೆ ಸೆರಾಮಿಕ್ ನಿಂತಿತು: ನನ್ನ ಅನುಭವ

ಪೇಂಟ್ ಇಲ್ಲದ ಬರೀ ಅಲ್ಯೂಮಿನಿಯಂ ಮೇಲೆ ಸೆರಾಮಿಕ್ ಕೋಟಿಂಗ್ (ಹಚ್ಚಿದ ಮೇಲೆ ಗಟ್ಟಿಯಾಗುವ ರಕ್ಷಣೆಯ ಪದರ) ಹಿಡಿಯಲ್ಲ, ಅದರಲ್ಲೂ ವಿಮಾನದ ಎಂಜಿನ್ ಇನ್ಲೆಟ್ ಲಿಪ್ (ಎಂಜಿನ್ ಗಾಳಿ ಎಳೆಯುವ ಬಾಯಿಯ ಸುತ್ತಲಿನ ಲೋಹದ ಅಂಚು) ಮೇಲೆ ಸುಮ್ನೆ ದುಡ್ಡು ದಂಡ ಅಂದವರೇ ಜಾಸ್ತಿ. ನಾನು ನೋಡಿಕೊಳ್ಳುವ ಜೆಟ್‌ನ ಎಡ ಎಂಜಿನ್ ಲಿಪ್ ಹೆಚ್ಚುಕಮ್ಮಿ ಒಂದು ವರ್ಷದಿಂದ ಮುಖ ಕಾಣುವಷ್ಟು ಹೊಳೆಯುತ್ತಿದೆ. ನಡುವೆ ಬಫರ್ (ಪಾಲಿಶ್ ಮೆಷಿನ್) ಮುಟ್ಟಿಸಿಲ್ಲ.

ಮೊದಲು ವ್ಯಾಕ್ಸ್ ಹಾಕುತ್ತಿದ್ದೆ. ಐಸ್ ಕಟ್ಟಬಾರದು ಅಂತ ಲಿಪ್ ಒಳಗೆ ಎಂಜಿನ್ನಿನ ಬಿಸಿಗಾಳಿ ಬಿಡುತ್ತಾರಲ್ವಾ, ಆ ಕಾವಿಗೆ ವ್ಯಾಕ್ಸ್ ಕೆಲವೇ ಹಾರಾಟದಲ್ಲಿ ಮಾಯ. ಪಾಲಿಮರ್ ಸೀಲಂಟ್ ಎರಡು ಮೂರು ತಿಂಗಳು ತಡೆಯಿತು. ಮಳೆಯಲ್ಲಿ ಹಾರಿ ಬಂದರೆ ಮತ್ತೆ ಮಂಕು, ಮತ್ತೆ ಕಾಂಪೌಂಡ್ ಹಾಕಿ ಉಜ್ಜು.

ಪದೇಪದೇ ಉಜ್ಜುವುದೇ ನನಗೆ ಸಂಕಟ. ಪೇಂಟ್ ಇಲ್ಲದ ಹಳೆಯ ವಿಮಾನಗಳ ಅಲ್‌ಕ್ಲ್ಯಾಡ್ ಹಾಳೆ (ಮಿಶ್ರಲೋಹದ ಮೇಲೆ ಶುದ್ಧ ಅಲ್ಯೂಮಿನಿಯಂ ಹೊದಿಸಿದ್ದು) ನೋಡಿ. 0.8 ಮಿ.ಮೀ. ಹಾಳೆಯಲ್ಲಿ ಶುದ್ಧ ಅಲ್ಯೂಮಿನಿಯಂ ಪದರ ಒಂದು ಬದಿಗೆ ಶೇ. 5ರಷ್ಟು, ಅಂದರೆ 0.04 ಮಿ.ಮೀ. ಅದು ಸವೆದರೆ ಕೆಳಗಿನ 2024 ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಕೊರೋಷನ್ ತಗುಲುತ್ತದೆ. ಒಂದು ಪಾಲಿಶ್ ತಪ್ಪಿದರೆ ಅಷ್ಟು ಲೋಹ ಉಳಿಯಿತು.

ಮೊದಲ ಬಾಟಲಿ ಸೆರಾಮಿಕ್ ತೇಪೆತೇಪೆಯಾಗಿ ಎದ್ದು ಬಂತು. ಆ ಬೆಲೆಗೆ ಎರಡು ವರ್ಷಕ್ಕಾಗುವಷ್ಟು ಪಾಲಿಶ್ ಬರುತ್ತಿತ್ತು. ಎಲ್ಲರೂ ಮಾಡುವಂತೆ ಇಡೀ ಲಿಪ್ ಪಾಲಿಶ್ ಮುಗಿಸಿ, ಮರುದಿನ ಕೋಟಿಂಗ್ ಎಳೆದದ್ದು. ಅಷ್ಟರಲ್ಲಿ ಲೋಹದ ಮೇಲೆ ಆಕ್ಸೈಡ್ ಕೂತಿರುತ್ತದೆ. ಪಾಲಿಶ್‌ನ ಎಣ್ಣೆಯೂ ರಿವೆಟ್ ಸಂದಿಯಲ್ಲಿ ಉಳಿದಿರುತ್ತದೆ.

ಈಗ ಎರಡು ಗೇಣು ಜಾಗ ಮಾತ್ರ ಹಿಡಿಯುತ್ತೇನೆ. ರೋಟರಿ ಬಫರ್‌ಗೆ ಉಣ್ಣೆ ಪ್ಯಾಡ್, ವೇಗ ಸುಮಾರು 1,500 ಆರ್‌ಪಿಎಂ. ಕೈ ಇಟ್ಟರೆ ಬಿಸಿ ಅನ್ನಿಸಿದರೆ ನಿಲ್ಲಿಸುತ್ತೇನೆ. ರೋಟರಿ ಬಿಟ್ಟ ಸುಳಿಗೆರೆ ಹೋಗುವ ತನಕ ಸೈಕ್ಲೋ (ಎರಡು ತಲೆಯ ಪಾಲಿಶ್ ಮೆಷಿನ್). ಕಪ್ಪು ಜಿಡ್ಡಿಗೆ ಕಾರ್ನ್‌ಫ್ಲೋರ್ ಉದುರಿಸಿ ಒರೆಸುತ್ತೇನೆ. ದುಬಾರಿ ಕ್ಲೀನರ್‌ಗಿಂತ ಅದೇ ಚೆನ್ನಾಗಿ ಎಳೆಯುತ್ತದೆ. ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸುತ್ತೇನೆ. ತಕ್ಷಣ, ಅದೇ ಗಳಿಗೆಯಲ್ಲಿ, ಕೋಟಿಂಗ್. ಎರಡನೇ ಪದರದ ಹೊತ್ತು ಹೇಗೆ ಗೊತ್ತುಮಾಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದನ್ನು ಕಲಿಯೋಕೆ ತುಂಬಾ ಖರ್ಚಾಗಿದೆ.

ಕೆಲಸದ ವೇಳೆ ಸೂಕ್ಷ್ಮ ಜಾಗ ಮುಚ್ಚಲು ಅಂಟಿಸುವ ಟೇಪ್ ವಿಷಯದಲ್ಲಿ ಮಾತ್ರ ಏನೂ ಮುಚ್ಚಿಡಲ್ಲ. 1996ರಲ್ಲಿ ಪೆರು ದೇಶದ ಏರೋಪೆರು 603 ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತರು. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗಳಿಗೆ (ಎತ್ತರ, ವೇಗ ತಿಳಿಯಲು ಗಾಳಿಯ ಒತ್ತಡ ಅಳೆಯುವ ತೂತುಗಳಿಗೆ) ಅಂಟಿಸಿದ ಟೇಪ್ ತೆಗೆದಿರಲಿಲ್ಲ. ನಾನು ಕಣ್ಣಿಗೆ ಹೊಡೆಯುವ ಬಣ್ಣದ ಟೇಪ್‌ಗೆ ಉದ್ದ ಬಾಲ ಬಿಟ್ಟು ಅಂಟಿಸುತ್ತೇನೆ, ಎಷ್ಟು ತುಂಡು ಅಂತ ಬರೆದಿಡುತ್ತೇನೆ, ಎಣಿಸಿ ಕೀಳುತ್ತೇನೆ. ವೇಗ ಅಳೆಯುವ ಪಿಟೋ ಟ್ಯೂಬ್, ಸ್ಟಾಲ್ ಎಚ್ಚರಿಕೆಗೆ (ರೆಕ್ಕೆಯ ಎತ್ತುವ ಬಲ ಕುಸಿಯುವ ಮುನ್ಸೂಚನೆಗೆ) ಇರುವ ಸ್ಟಾಲ್ ವೇನ್ ಹತ್ತಿರ ಬಫರ್ ಸುಳಿಯುವಂತಿಲ್ಲ. ಟಿಕೆಎಸ್ ರೆಕ್ಕೆಯಾದರೆ (ಐಸ್ ಕಟ್ಟದಂತೆ ಅಂಚಿನಿಂದ ದ್ರವ ಜಿನುಗಿಸುವ ರೆಕ್ಕೆ) ಆ ಸಣ್ಣ ತೂತಿನ ಟೈಟಾನಿಯಂ ಪ್ಯಾನಲ್‌ಗೆ ಪಾಲಿಶೂ ಬೇಡ, ಕೋಟಿಂಗೂ ಬೇಡ.

ನಂಬದವರಿಗೆಂದೇ ಎಡ ಎಂಜಿನ್‌ಗೆ ಸೆರಾಮಿಕ್, ಬಲಕ್ಕೆ ಸೀಲಂಟ್ ಹಾಕಿಟ್ಟೆ. ಮೂರನೇ ತಿಂಗಳಿಗೆ ಬಲಗಡೆ ಮಂಕಾಯಿತು. ಎಡಗಡೆ ಅಂಟಿದ ಹುಳ ಒದ್ದೆ ಬಟ್ಟೆಗೇ ಬಂತು. ಬಾಟಲಿಯ ಖರ್ಚು ಎರಡನೇ ಪಾಲಿಶ್ ಕೂಲಿ ಉಳಿದಾಗಲೇ ವಾಪಸ್ ಬಂದಿತ್ತು. ಬಲಗಡೆಯ ಲಿಪ್‌ಗೂ ಸೆರಾಮಿಕ್ಕೇ ಹಾಕಿ ಅಂತ ಮಾಲೀಕರೇ ಹೇಳಿದರು.