ಅಭ್ಯರ್ಥಿ ತಳ್ಳಿಹಾಕಲಾಗದ ಮತದಾರರ ಸಮೀಕ್ಷೆ: ಕಾರವಾರ–ಅಂಕೋಲಾ ಕಡೆ ಮಾಡುವ ಬಗೆ

ಸಮೀಕ್ಷೆಯಿಂದ ಅಭ್ಯರ್ಥಿಯ ನಿಲುವು ಬದಲಾಗುತ್ತದೆಯೇ? ಅಮೆರಿಕದಲ್ಲಿ ಇದಕ್ಕೆ ಹಳೆಯ ಪುರಾವೆಗಳಿವೆ. 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾನ್ ಕೆನಡಿ ಅವರು ಲೂಯಿ ಹ್ಯಾರಿಸ್ ಅವರಿಂದ ಖಾಸಗಿ ಸಮೀಕ್ಷೆ ಮಾಡಿಸಿಕೊಂಡಿದ್ದರು. ಕೆನಡಿ ಅದನ್ನು ಬಳಸಿದ್ದು ನಂಬಿಕೆ ಬದಲಿಸಲಿಕ್ಕಿಂತ ಹೆಚ್ಚಾಗಿ, ತಮ್ಮ ನಿಲುವುಗಳಲ್ಲಿ ಯಾವುದನ್ನು ಎತ್ತಿ ಹೇಳಬೇಕೆಂದು ಆರಿಸಿಕೊಳ್ಳಲಿಕ್ಕೆ. ಇದಕ್ಕಿಂತ ಗಟ್ಟಿ ಪುರಾವೆ ಸಿಕ್ಕಿದ್ದು 2008ರಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದಲ್ಲಿ. ಸಂಶೋಧಕರು 10 ಸಾವಿರಕ್ಕೂ ಹೆಚ್ಚು ಮತದಾರರನ್ನು ಮಾತಾಡಿಸಿದರು. ಆಯಾ ಕ್ಷೇತ್ರದ ಫಲಿತಾಂಶವನ್ನು ಅರ್ಧದಷ್ಟು ಶಾಸಕರಿಗೆ ಮಾತ್ರ ಕಳಿಸಿದರು. ಅದು ಕೈಸೇರಿದವರು ಸದನದಲ್ಲಿ ತಮ್ಮ ಕ್ಷೇತ್ರದ ಜನರ ಅಭಿಪ್ರಾಯಕ್ಕೆ ಹೆಚ್ಚು ಹತ್ತಿರವಾಗಿ ಮತ ಹಾಕಿದರು. ಜನ ಏನು ಅಂದುಕೊಂಡಿದ್ದಾರೆಂದು ನಾಯಕರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಸಮೀಕ್ಷೆ ಕೆಲಸ ಮಾಡುವುದು ಅಲ್ಲಿ.

ಅಮೆರಿಕದ ಹಾಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಇದನ್ನು ಮಾಡಲು ನಮಗಾಗದು, ನಮ್ಮ ರಾಷ್ಟ್ರಪತಿಯನ್ನು ಆರಿಸುವವರು ಜನರಲ್ಲ, ಸಂಸದರು ಮತ್ತು ಶಾಸಕರು. ಹಾಗಾಗಿ ನಮಗೆ ಇದನ್ನು ಮಾಡಿನೋಡಲು ತಕ್ಕ ಜಾಗ ವಿಧಾನಸಭಾ ಕ್ಷೇತ್ರ.

ಮೊದಲು ಒಂದು ಎಚ್ಚರಿಕೆ. ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿ ಬಂದ ಉತ್ತರ ಎಣಿಸುವುದು ಸಮೀಕ್ಷೆಯಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಕಾರ್ಡ್ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು, ಲ್ಯಾಂಡನ್ ಗೆಲ್ಲುತ್ತಾರೆಂದು ಹೇಳಿತು. ಲ್ಯಾಂಡನ್‌ಗೆ ದಕ್ಕಿದ್ದು 2 ರಾಜ್ಯ. ಉಳಿದದ್ದೆಲ್ಲ ರೂಸ್ವೆಲ್ಟ್ ಪಾಲಾಯಿತು. ಟೆಲಿಫೋನ್, ಕಾರು ಇದ್ದವರ ಹೆಸರೇ ಪಟ್ಟಿಯಲ್ಲಿ ಹೆಚ್ಚಿದ್ದವು, ಬರೆದು ಕಳಿಸಿದವರೂ ಒಂದು ಬಗೆಯವರೇ. ಎಣಿಕೆ ಎಷ್ಟೇ ದೊಡ್ಡದಾದರೂ ಆಯ್ಕೆಯ ತಪ್ಪನ್ನು ತೊಳೆಯಲಾರದು.

ಆಯ್ಕೆ ಹೀಗೆ ಮಾಡಿ. ಕ್ಷೇತ್ರದ ಬೂತ್‌ಗಳನ್ನು ಮೂರು ವಿಭಾಗ ಮಾಡಿ: ಮೀನುಗಾರಿಕೆಯ ಕಡಲ ತೀರ, ಪೇಟೆ ಮತ್ತು ಹೆದ್ದಾರಿ ಬದಿ, ಹಿಲ್ಲೂರು–ಅಚವೆಯಂಥ ಒಳನಾಡು. ಒಂದು ವಿಭಾಗದಲ್ಲಿ 80 ಬೂತ್ ಇದ್ದರೆ ಪ್ರತಿ 8ನೆಯದನ್ನು ಎತ್ತಿ, 10 ಸಿಗುತ್ತವೆ. ಒಟ್ಟು 30 ಬೂತ್, ಪ್ರತಿ ಬೂತ್‌ನಲ್ಲಿ 20 ಸಂದರ್ಶನ, ಒಟ್ಟು 600. ಹೆಸರು ಆರಿಸಲು ಮತದಾರರ ಪಟ್ಟಿ ಬಳಸಿ. 20 ಮಂದಿ ಸಿಗಬೇಕಾದರೆ 30 ಹೆಸರು ಬೇಕು. ಪಟ್ಟಿಯಲ್ಲಿ 960 ಮತದಾರರಿದ್ದರೆ 960ನ್ನು 30ರಿಂದ ಭಾಗಿಸಿ, 32. 1ರಿಂದ 32ರೊಳಗೆ ಒಂದು ಚೀಟಿ ಎತ್ತಿ. 11 ಬಂತೆನ್ನಿ, ಕ್ರಮ ಸಂಖ್ಯೆ 11, 43, 75, 107 ಹೀಗೆ ಸಾಗಿ. ಆ ಮನೆಯಲ್ಲಿ ಆ ವ್ಯಕ್ತಿಯೇ ಬೇಕು. "ಅವರಿಲ್ಲ, ನಾನೇ ಹೇಳ್ತೆ" ಅಂದರೆ ಒಪ್ಪಬೇಡಿ. ಮೂರು ಸಲ ಹೋಗಿ. ಸಮೀಕ್ಷೆ ಹಾಳಾಗುವುದು ಹೆಚ್ಚಾಗಿ ಇಲ್ಲೇ, ಸಿಕ್ಕಿದವರನ್ನೇ ಮಾತಾಡಿಸಿ ಫಾರ್ಮ್ ತುಂಬಿದಾಗ.

ಯಾವಾಗ ಹೋಗಬೇಕೆಂಬುದೂ ಆಯ್ಕೆಯ ಭಾಗವೇ. ಗೋವಾದಲ್ಲಿ ದುಡಿಯುವ ಮಾಜಾಳಿ, ಸದಾಶಿವಗಡದ ಗಂಡಸರು ಭಾನುವಾರವೇ ಸಿಗುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮೀನುಗಾರರು ಮನೆಯಲ್ಲೇ ಇರುತ್ತಾರೆ, ಆದರೆ ಆ ಮಳೆಯಲ್ಲಿ ಒಳನಾಡಿನ ಒಂಟಿಮನೆಗಳನ್ನು ಮುಟ್ಟುವುದು ಕಷ್ಟ. ತೀರವನ್ನು ಜೂನ್‌ನಲ್ಲಿ, ಘಟ್ಟದ ಬುಡವನ್ನು ಅಕ್ಟೋಬರ್‌ನಲ್ಲಿ ಮಾಡಿ ಕೂಡಿಸಬೇಡಿ, ನಡುವೆ ಜನರ ಮನಸ್ಸೇ ಬದಲಾಗಿರುತ್ತದೆ. ನವೆಂಬರ್‌ನ ಎರಡು ವಾರ ಒಳ್ಳೆಯದು, ಅಡಿಕೆ ಕೊನೆಕೊಯ್ಲು ಬಿರುಸಾಗುವ ಮುಂಚೆ.

ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. "ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೇ?" ಎಂದು ಕೇಳಿದರೆ ಎಲ್ಲರೂ ಬೇಕು ಅನ್ನುತ್ತಾರೆ. ಅಭ್ಯರ್ಥಿಯೂ ಬೇಕು ಅಂದಿರುತ್ತಾನೆ. ಅಲ್ಲಿಗೆ ಮುಗಿಯಿತು, ಯಾರೂ ಕದಲುವುದಿಲ್ಲ. ಆರಿಸಿಕೊಳ್ಳಲೇಬೇಕಾದ ಪ್ರಶ್ನೆ ಕೇಳಿ: "ಒಂದಕ್ಕೇ ಹಣವಿದ್ದರೆ ಮೊದಲು ಯಾವುದು ಆಗಬೇಕು? ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಹೃದಯ ಮತ್ತು ನರರೋಗ ವಿಭಾಗ, ಕುಮಟಾ ಕಡೆ ಹೊಸ ಆಸ್ಪತ್ರೆ, ಅಥವಾ ಪ್ರತಿ ತಾಲೂಕಿಗೆ ವೆಂಟಿಲೇಟರ್ ಇರುವ ಆಂಬುಲೆನ್ಸ್?" ಜತೆಗೆ, ಮನೆಯವರನ್ನು ಕೊನೆಯ ಸಲ ತುರ್ತಾಗಿ ಒಯ್ದದ್ದು ಎಲ್ಲಿಗೆಂದು ಕೇಳಿ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂಬ ಉತ್ತರಗಳು ಅಭಿಪ್ರಾಯವಲ್ಲ, ನಡೆದ ಸಂಗತಿ. ಅವನ್ನು ಅಲ್ಲಗಳೆಯಲಾಗದು.

ವಿವಾದದ ವಿಷಯವಾದರೆ ಒಂದೊಂದು ಪದವನ್ನೂ ತೂಗಬೇಕು. "ಮೀನುಗಾರರ ಹೊಟ್ಟೆಗೆ ಹೊಡೆಯುವ ಕೇಣಿ ಬಂದರು" ಎಂದರೂ, "ಉದ್ಯೋಗ ತರುವ ಕೇಣಿ ಬಂದರು" ಎಂದರೂ ಉತ್ತರವನ್ನು ನೀವೇ ಬರೆದಂತೆ. "ಅಂಕೋಲಾದ ಕೇಣಿಯಲ್ಲಿ ಬಂದರು ಕಟ್ಟುವ ಪ್ರಸ್ತಾವವಿದೆ. ಕೆಲವರು ಬೇಕೆನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ನೀವು?" ಅಷ್ಟು ಸಾಕು. ಅದರ ಬೆನ್ನಿಗೇ ಬರಬೇಕಾದ ಪ್ರಶ್ನೆ, ಇಡೀ ಫಾರ್ಮ್‌ನಲ್ಲಿ ಬಹಳ ಮುಖ್ಯವಾದದ್ದು: "ನೀವು ಮೆಚ್ಚುವ ಅಭ್ಯರ್ಥಿ ಈ ವಿಷಯದಲ್ಲಿ ನಿಮಗೆ ವಿರುದ್ಧ ನಿಂತರೆ ಆಗಲೂ ಅವರಿಗೇ ಮತ ಹಾಕುತ್ತೀರಾ, ಯೋಚಿಸುತ್ತೀರಾ, ಬೇರೆಯವರಿಗೆ ಹಾಕುತ್ತೀರಾ?" ಶೇ. 70 ಜನ ಬೇಡವೆಂದರೂ ಮತ ಬದಲಿಸುವವರು ಬೆರಳೆಣಿಕೆಯಷ್ಟಿದ್ದರೆ ಅಭ್ಯರ್ಥಿ ಕೇಳಿಸಿಕೊಳ್ಳುವುದಿಲ್ಲ. ಶೇ. 30ರಷ್ಟೇ ಜನ ಬೇಡವೆಂದು, ಅವರಲ್ಲಿ ಅರ್ಧ ಮಂದಿ ಮತ ಬದಲಿಸುವೆವು ಅಂದರೆ ಕೇಳಿಸಿಕೊಳ್ಳುತ್ತಾನೆ.

ಕೊಂಕಣಿ ಫಾರ್ಮ್ ಬೇರೆಯಾಗಿಯೇ ಸಿದ್ಧ ಮಾಡಿ. ಒಬ್ಬರು ಕೊಂಕಣಿಗೆ ತರಲಿ, ಮೂಲ ನೋಡದ ಇನ್ನೊಬ್ಬರು ಮರಳಿ ಕನ್ನಡಕ್ಕೆ ತರಲಿ. ಎರಡರ ಅರ್ಥ ಕೂಡಿಬರದಿದ್ದರೆ ತಿದ್ದಿ. ಮನೆಬಾಗಿಲಲ್ಲಿ ನಿಂತು ಅನುವಾದಿಸಲು ಬಿಟ್ಟರೆ ಹತ್ತು ಜನ ಹತ್ತು ಪ್ರಶ್ನೆ ಕೇಳಿರುತ್ತಾರೆ.

ಲೆಕ್ಕಕ್ಕೆ ಬನ್ನಿ. 360 ಹೆಂಗಸರು, 240 ಗಂಡಸರು ಸಿಕ್ಕಿ, ಪಟ್ಟಿಯಲ್ಲಿ ಇಬ್ಬರೂ ಸಮನಾಗಿದ್ದರೆ ಹೆಂಗಸರ ಉತ್ತರಕ್ಕೆ 0.83, ಗಂಡಸರದ್ದಕ್ಕೆ 1.25 ತೂಕ ಕೊಡಿ, ಅಂದರೆ ಪ್ರತಿ ಉತ್ತರವನ್ನು ಅಷ್ಟರಿಂದ ಗುಣಿಸಿ ಎಣಿಸಿ. ಇಡೀ ಕ್ಷೇತ್ರದ ಅಂಕಿ ಹೇಳುವಾಗ ವಿಭಾಗಗಳಿಗೂ ಅವುಗಳ ಮತದಾರರ ಸಂಖ್ಯೆಯಂತೆ ತೂಕ ಬೇಕು. 600ಕ್ಕೆ ಬರುವ ಅಂದಾಜು ತಪ್ಪು, ಅಂದರೆ ನಿಜವಾದ ಅಂಕಿ ಮೇಲೆ ಕೆಳಗೆ ಇರಬಹುದಾದ ಅಂತರ, ಶೇ. 4, ಆದರೆ ಒಂದೇ ಬೂತ್‌ನವರು ಒಂದೇ ರೀತಿ ಯೋಚಿಸುವುದುಂಟು, ಆದ್ದರಿಂದ ಶೇ. 5 ಎಂದು ಹಿಡಿಯಿರಿ. 200 ಜನರ ಒಂದು ವಿಭಾಗಕ್ಕೆ ಅದು ಸುಮಾರು 9. ತೀರಕ್ಕೂ ಒಳನಾಡಿಗೂ 12ಕ್ಕಿಂತ ಕಡಿಮೆ ಅಂತರವಿದ್ದರೆ "ವ್ಯತ್ಯಾಸವಿದೆ" ಎಂದು ಬರೆಯಬೇಡಿ. ಎದುರು ಪಕ್ಷದವರು ಮೊದಲು ಹಿಡಿಯುವುದೇ ಅದನ್ನು.

ಫಲಿತಾಂಶವನ್ನು ಪ್ರಣಾಳಿಕೆ ಬರೆಯುವ ಮುಂಚೆ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ ತಲುಪಿಸಿ. ಒಂದೇ ಹಾಳೆ ಇರಲಿ: ಪ್ರಶ್ನೆ ಇದ್ದಂತೆಯೇ, ಅಂಕಿ, ಆಯ್ಕೆ ಮಾಡಿದ ಬಗೆ, ಹಣ ಕೊಟ್ಟವರು ಯಾರು ಎಂಬುದು. ಕೊನೆಯಲ್ಲಿ ಹೌದು–ಇಲ್ಲ ಎನ್ನಬೇಕಾದ ಎರಡು ಪ್ರಶ್ನೆ, ಸಹಿಗೆ ಜಾಗ. ಒಬ್ಬರಿಗೇ ಕೊಟ್ಟರೆ ಅದು ಅವರ ಕಪಾಟಿನಲ್ಲಿ ಉಳಿಯುತ್ತದೆ. ಎದುರಾಳಿಯ ಕೈಯಲ್ಲೂ ಇದೆ ಎಂದು ಗೊತ್ತಾದಾಗಲೇ ಉತ್ತರ ಬರುವುದು.

ಚುನಾವಣಾ ಹೊತ್ತಿನಲ್ಲಿ ಕರಪತ್ರ ಮಾಡಿ ಹಂಚುವುದಾದರೆ ಮುದ್ರಕ, ಪ್ರಕಾಶಕರ ಹೆಸರು–ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಇದನ್ನು ಹೇಳುತ್ತದೆ. ಮತದಾನ ಮುಗಿಯುವ ಮುಂಚಿನ 48 ಗಂಟೆ ಟಿವಿಯಂಥ ಮಾಧ್ಯಮದಲ್ಲಿ ಫಲಿತಾಂಶ ತೋರಿಸುವಂತಿಲ್ಲ.

ಅಭ್ಯರ್ಥಿಯ ಕಡೆಯವರು ಬೂತ್‌ವಾರು ಪಟ್ಟಿ ಕೇಳಿಯೇ ಕೇಳುತ್ತಾರೆ. ಕೊಡಬೇಡಿ. ಬೂತ್‌ನಲ್ಲಿ 20 ಮಂದಿಯಷ್ಟೇ ಮಾತಾಡಿದ್ದಾರೆ. ವಯಸ್ಸು, ಕೇರಿ ಸೇರಿಸಿದರೆ ಯಾರೆಂದು ಬೂತ್ ಏಜೆಂಟನಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ವಿಭಾಗದ ಅಂಕಿ ಮಾತ್ರ ಕೊಡಿ. ಹೆಸರು, ಕ್ರಮ ಸಂಖ್ಯೆ ಇರುವ ಹಾಳೆಯನ್ನು ಉತ್ತರದ ಹಾಳೆಯಿಂದ ಮೊದಲ ದಿನವೇ ಬೇರ್ಪಡಿಸಿ ಇಟ್ಟು, ಮರುಪರಿಶೀಲನೆ ಮುಗಿದ ಮೇಲೆ ಸುಟ್ಟುಬಿಡಿ.