ಒಂದು ಚೀನಿಕಾಯಿ, ನಾಲ್ಕು ತಿಂಗಳ ಪಾಠ

ಉಡುಪಿಯಿಂದ ಹಿರಿಯಡ್ಕದ ಕಡೆ ಹೋಗುವಾಗ ಸ್ವಲ್ಪ ಒಳಗೆ ನಮ್ಮ ಶಾಲೆ. ನನ್ನದು ನಲಿಕಲಿ ತರಗತಿ. ಒಂದು, ಎರಡು, ಮೂರನೇ ಕ್ಲಾಸಿನವರೆಲ್ಲ ಒಂದೇ ಕೋಣೆಯಲ್ಲಿ, ಒಟ್ಟು 19 ಮಕ್ಕಳು.

ಮೊದಲ ಸಲ ಚೀನಿಕಾಯಿ (ಸಿಹಿಗುಂಬಳ) ಚಟುವಟಿಕೆ ಮಾಡಿದಾಗ ಒಂದೇ ದಿನಕ್ಕೆ ಮುಗಿಸಿದ್ದೆ. ಶನಿವಾರ ಅಂಗಡಿಯಿಂದ ತಂದೆ, ಕೊಯ್ದೆವು, ಬೀಜ ಎಣಿಸಿದೆವು, ಚಿತ್ರ ಬಿಡಿಸಿದೆವು. ಫೋಟೋ ಚೆನ್ನಾಗಿ ಬಂತು. ಸೋಮವಾರ ಕೇಳಿದರೆ ಮಕ್ಕಳಿಗೆ ನೆನಪಿದ್ದದ್ದು ಒಂದೇ, ಟೀಚರ ಸೀರೆಗೆ ಬೀಜ ಅಂಟಿದ್ದು!

ಮರುವರ್ಷ ಜೂನ್‌ನಲ್ಲಿ ಶಾಲೆಯ ಹಿಂದೆ ಬೀಜ ಹಾಕಿಸಿದೆ. ಮಳೆ ನೀರು ನಿಂತು ಎಲ್ಲ ಕೊಳೆಯಿತು. ಬಿಸಿಯೂಟದ ಅಡುಗೆ ಅಕ್ಕ ನೋಡಿ ನಕ್ಕರು. "ಸುಡುಮಣ್ಣು ಮಾಡದೆ ಎಂತ ಕೃಷಿ ಟೀಚರ್?" ಅವರು ಹೇಳಿದ ಹಾಗೆ ಮುಂದಿನ ಮೇ ತಿಂಗಳಲ್ಲಿ ಒಣಗಿದ ಎಲೆ, ಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಸುಟ್ಟೆವು. ಅದಕ್ಕೆ ಹಟ್ಟಿಗೊಬ್ಬರ ಸೇರಿಸಿ ಎತ್ತರದ ಗುಡ್ಡೆ ಮಾಡಿಟ್ಟೆವು. ಶಾಲೆ ಶುರುವಾದ ವಾರದಲ್ಲೇ ಮಕ್ಕಳು ಬೀಜ ಊರಿದರು. ಆರನೇ ದಿನ ಮೊಳಕೆ ತಲೆ ಎತ್ತಿತು.

ಅಲ್ಲಿಂದ ಪಾಠ ತಾನಾಗಿ ಬಂತು. ಮೊದಲು ಭಾಷೆ. ಮನೆಯಲ್ಲಿ ಇದಕ್ಕೆ ಎಂತ ಹೇಳ್ತೀರಿ ಅಂತ ಕೇಳಿದೆ. ತುಳುವಿನವರು ಕೆಂಬುಡೆ ಅಂದರು, ಕೊಂಕಣಿ ಮನೆಯ ಹುಡುಗಿ ದುದ್ದಿ ಅಂದಳು. ಗದಗದ ಕಡೆಯಿಂದ ಕೆಲಸಕ್ಕೆ ಬಂದವರ ಹುಡುಗ ಕುಂಬಳಕಾಯಿ ಅಂದ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ತನ್ನ ಮನೆಯ ಮಾತು ಬೋರ್ಡಿನಲ್ಲಿ ಕಂಡರೆ ಓದಲು ಹೊಸ ಉತ್ಸಾಹ ಬರುತ್ತದೆ. ಆ ಗದಗದ ಹುಡುಗ ಅಲ್ಲಿಯವರೆಗೆ ಬಾಯಿ ಬಿಟ್ಟವನಲ್ಲ. "ನಮ್ಮವ್ವ ಇದರಾಗ ಗಾರಿಗಿ ಮಾಡ್ತಾಳ್ರಿ" ಅಂತ ಶುರುಮಾಡಿದವನು ಆಮೇಲೆ ನಿಲ್ಲಿಸಲೇ ಇಲ್ಲ.

ಬಳ್ಳಿ ಹಬ್ಬಿ ಹೂ ಬಿಡಲು ಒಂದೂವರೆ ತಿಂಗಳು ಬೇಕಾಯಿತು. ಮೊದಲು ಬರುವುದೆಲ್ಲ ಗಂಡು ಹೂ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಅದನ್ನು ಹುಡುಕುವುದೇ ಮಕ್ಕಳಿಗೆ ಒಂದು ಆಟ. ತೊಂದರೆ ಏನೆಂದರೆ, ಈ ಹೂ ಬೆಳಿಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಜಡಿಮಳೆಯಲ್ಲಿ ಜೇನ್ನೊಣವೂ ಬರುವುದಿಲ್ಲ. ನಮ್ಮ ಮೊದಲ ನಾಲ್ಕು ಕಾಯಿ ಹಳದಿಯಾಗಿ ಉದುರಿದವು. ಆಮೇಲೆ ಎಂಟು ಗಂಟೆಗೇ ಹೋಗತೊಡಗಿದೆ. ಹತ್ತಿರದ ಮನೆಯ ಮಕ್ಕಳು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿದರು. ಎರಡು ಕಾಯಿ ನಿಂತವು. ಒಂದನ್ನು ನವಿಲು ಕುಕ್ಕಿತು. ಉಳಿದದ್ದು ಒಂದೇ.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಕಲಿಸಿದ್ದು ಹುರಿ. ಪ್ರತಿ ಸೋಮವಾರ ಕಾಯಿಯ ಹೊಟ್ಟೆಗೆ ಒಂದು ಸುತ್ತು ಹಾಕಿ, ಅಷ್ಟೇ ಉದ್ದಕ್ಕೆ ಕತ್ತರಿಸಿ, ಕ್ಲಾಸಿನ ಕಲಿಕಾ ಚಪ್ಪರಕ್ಕೆ, ಅಂದರೆ ಮಕ್ಕಳ ಕೆಲಸ ನೇತುಹಾಕಲು ಮೇಲೆ ಕಟ್ಟಿದ ದಾರಗಳಿಗೆ, ತೂಗಿಹಾಕುವುದು. ಮೊದಲು ಉಣ್ಣೆಯ ನೂಲು ತೆಗೆದುಕೊಂಡಿದ್ದೆ. ಒಬ್ಬ ಎಳೆದು ಹಿಡಿದರೆ ಉದ್ದ, ಇನ್ನೊಬ್ಬ ಬಿಟ್ಟರೆ ಗಿಡ್ಡ! ಜಗಳವಾಗಿ ಸೆಣಬಿನ ಹುರಿಗೆ ಬಂದೆವು. ಮೂರನೇ ಕ್ಲಾಸಿನವರು ಸ್ಕೇಲ್ ಇಟ್ಟು ಚೀಟಿ ಬರೆದರು: 22 ಸೆಂಟಿಮೀಟರ್, 41, 58. ಒಂದು ಸೋಮವಾರ ಮಳೆ ರಜೆ, ಆ ಜಾಗ ಖಾಲಿ. ಆಮೇಲೆ 66. ಮತ್ತೆ 66. "ಟೀಚರ್, ಅದು ಸತ್ತುಹೋಯ್ತಾ?" ಅಂತ ಒಬ್ಬಳು ಹೆದರಿ ಕೇಳಿದಳು. ದೊಡ್ಡದಾಗುವುದು ನಿಂತ ಮೇಲೆ ಹಣ್ಣಾಗಲು ಶುರು ಅಂತ ನಾನು ಹೇಳಲಿಲ್ಲ. ಸುಮ್ನೆ ನೋಡ್ತಾ ಇರಿ ಅಂದೆ. ಹಸಿರು ಸಿಪ್ಪೆ ಕಂದು ತಿರುಗಿತು, ತೊಟ್ಟು ಒಣಗಿತು, ಉಗುರು ಚುಚ್ಚಿದರೆ ಇಳಿಯುವುದಿಲ್ಲ. ಅವರೇ ಹೇಳಿದರು, ಬೆಳೆದಿದೆ ಅಂತ.

ಸೆಪ್ಟೆಂಬರ್ ಕೊನೆಗೆ ಕೊಯ್ದೆವು. ಅಳೆಯುವ ಮೊದಲು ಊಹಿಸಬೇಕು ಅನ್ನುವುದು ನನ್ನ ನಿಯಮ. ತೂಕ? "ನನ್ನ ತಂಗಿಯಷ್ಟು." ಅಂಗಡಿಯ ತಕ್ಕಡಿ ಹೇಳಿದ್ದು 4 ಕಿಲೋ 200 ಗ್ರಾಂ. ನೀರಿಗೆ ಹಾಕಿದರೆ? ಮುಳುಗ್ತದೆ ಅಂತ 19 ಮಂದಿಯೂ ಕೈ ಎತ್ತಿದರು. ಅದು ತೇಲಿತು. ಪಕ್ಕದಲ್ಲಿ ಹಾಕಿದ ಸಣ್ಣ ಕಲ್ಲು ಮುಳುಗಿತು. ಕೊಯ್ದು ಒಳಗಿನ ಟೊಳ್ಳು ಕಾಣುವವರೆಗೆ ಯಾರೂ ಒಪ್ಪಲಿಲ್ಲ. ಕತ್ತಿ ಹಿಡಿದದ್ದು ಅಡುಗೆ ಅಕ್ಕ ಮಾತ್ರ, ಅದರಲ್ಲಿ ರಾಜಿ ಇಲ್ಲ.

ಒದ್ದೆ ಬೀಜ ಎಣಿಸಲು ಹೋಗಬೇಡಿ. ಜಾರುತ್ತದೆ, ಲೆಕ್ಕ ತಪ್ಪುತ್ತದೆ. ತೊಳೆದು, ಬಿಸಿಲಿಗೆ ಒಣಗಿಸಿ, ಹಲಸಿನ ಎಲೆಯ ಮೇಲೆ ಹತ್ತು ಹತ್ತು ಇಟ್ಟೆವು. 36 ಎಲೆ ತುಂಬಿ 8 ಉಳಿಯಿತು. ಹತ್ತು-ಬಿಡಿ ಅರ್ಥವಾಗದ ಎರಡನೇ ಕ್ಲಾಸಿನವನೊಬ್ಬ ಎಲೆಗಳ ಸಾಲು ನೋಡಿ ತಾನೇ 368 ಅಂದ. ತಿರುಳು ಅಲಸಂಡೆಯ ಜೊತೆ ಕೊದ್ದೆಲ್ ಆಯಿತು. ಸಾಂಬಾರಿನ ಹೋಳು ದಿನಾ ಬದಿಗಿಡುವವರು ಅಂದೂ ಬದಿಗಿಟ್ಟರು ಅನ್ನಿ.

ಆಯುಧ ಪೂಜೆ ಹತ್ತಿರ ಬಂದಾಗ ಮನೆಯಿಂದ ಒಂದು ಬೂದುಗುಂಬಳ ತಂದೆ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಗಾದೆ ಹೇಳಿ, ಯಾಕೆ ಮುಟ್ಟಿಕೊಂಡ ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಒಬ್ಬನ ನೀಲಿ ಅಂಗಿಯ ಹೆಗಲ ಮೇಲೆ ಅದನ್ನು ಇಟ್ಟು ತೆಗೆದೆ. ಬಿಳಿ ಬೂದಿ! ಕ್ಲಾಸು ಕಿರುಚಿತು. ನಮ್ಮ ಚೀನಿಕಾಯಿ ಕದ್ದರೆ ಸಿಕ್ಕಿಬೀಳುವುದಿಲ್ಲ ಅಂತ ಒಬ್ಬ ಕೂಡಲೇ ತೀರ್ಪು ಕೊಟ್ಟ. ಎರಡೂ ಬೇರೆ ಬೇರೆ ಜಾತಿ ಅಂತ ಹೇಳಲು ಅದೇ ಸಮಯ. ಬೂದುಗುಂಬಳ ಏಷ್ಯಾದ್ದು. ಚೀನಿಕಾಯಿ ಹೆಸರಿಗೆ ಮಾತ್ರ ಚೀನಾ, ಅದರ ಮೂಲ ಅಮೆರಿಕ. ಗ್ಲೋಬ್ ತಿರುಗಿಸಿ ತೋರಿಸಿದೆ.

ಬೀಜವನ್ನು ಬೂದಿಯಲ್ಲಿ ಹೊರಳಿಸಿ ಬಾಟಲಿಗೆ ಹಾಕುವ ಮೊದಲು ಮಕ್ಕಳಿಗೆ ತಲಾ ಮೂರು ಕೊಟ್ಟೆ. ಅಡುಗೆ ಅಕ್ಕನೂ ತೆಗೆದುಕೊಂಡರು. ಉಳಿದದ್ದೆಷ್ಟು ಅಂತ ಮೂರನೇ ಕ್ಲಾಸಿನವರಿಗೆ ಲೆಕ್ಕ ಕೊಟ್ಟೆ. ಅಕ್ಕನ ಪಾಲು ಕೇಳಲು ಅಡುಗೆಕೋಣೆಗೆ ಓಡಿದರು. "ಒಂದು ಹಿಡಿ" ಅಂದರಂತೆ. ಮಕ್ಕಳು ಅಕ್ಕನನ್ನೇ ಕೈಹಿಡಿದು ಕ್ಲಾಸಿಗೆ ಕರೆತಂದರು, ಅವರ ಹಿಡಿಯಲ್ಲಿ ಎಷ್ಟು ಬೀಜ ಹಿಡಿಯುತ್ತದೆ ಅಂತ ಎಣಿಸಲು.