ಮುಂಗೈ ಇಲ್ಲದವರಿಗೆ ಭಾರ ಎತ್ತೋ ಪಟ್ಟಿ: ನಾವು ಹೊಲಿಸಿದ ರೀತಿ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಎಡಗೈ ಮೊಣಕೈಗಿಂತ 4 ಇಂಚು ಕೆಳಗೆ ಮುಗಿಯುತ್ತದೆ. ತುಮಕೂರಿನಲ್ಲಿ ಒಂದು ಜಿಮ್‌ಗೆ ಸೇರಿದ, ಅಲ್ಲಿ ದಿನಾ ಟ್ರೆಡ್‌ಮಿಲ್ ಮೇಲೆ ಓಡಿಸಿ ಕಳಿಸುತ್ತಿದ್ದರು. ಓಡೋದಕ್ಕೆ ದುಡ್ಡು ಯಾಕೆ, ಅಮಾನಿಕೆರೆ ಇದೆಯಲ್ಲ!

ಆಮೇಲೆ ಆ ಕೈಯಲ್ಲೂ ಭಾರ ಎತ್ತೋಕೆ ನಾವೇ ಒಂದು ಕಟ್ಟುವ ಪಟ್ಟಿ ಹೊಲಿಸಿದೆವು. ಮೊದಲು ಸ್ಕೂಲ್ ಬ್ಯಾಗಿನ ಬೆಲ್ಟ್ ಕಟ್ಟಿ ನೋಡಿದ್ದು ತಪ್ಪಾಯಿತು, ಸಣ್ಣ ಪಟ್ಟಿ ಚರ್ಮಕ್ಕೆ ಕಚ್ಚುತ್ತದೆ. 3 ಇಂಚು ಅಗಲದ ಕ್ಯಾನ್ವಾಸ್ ತಗೊಳ್ಳಿ, ಒಳಗೆ ಹಳೇ ಯೋಗ ಮ್ಯಾಟ್ ತುಂಡು ಇಡಿ. ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಕಬ್ಬಿಣದ ಬಳೆ ಸೇರಿಸಿ ಡಬಲ್ ಹೊಲಿಗೆ ಹಾಕಿಸಿ. ವೆಲ್ಕ್ರೋ ಸುಮ್ನೆ ಅಂಟಿಸಿದರೆ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ, ಬಕಲ್ ಒಳಗೆ ತೂರಿಸಿ ಹಿಂದಕ್ಕೆ ಮಡಚಿ ಅಂಟಿಸಬೇಕು.

ಇಷ್ಟಾದರೂ ಜಾರುತ್ತಿತ್ತು. ಕೈ ತುದಿಗೆ ಹೋದಂತೆ ಸಣ್ಣ ಆಗುತ್ತದೆ ಅಲ್ವಾ, ಅದಕ್ಕೆ ಮೊಣಕೈ ಮೇಲೆ ಇನ್ನೊಂದು ಪಟ್ಟಿ ಕಟ್ಟಿ ಎರಡನ್ನೂ ಪಕ್ಕದಲ್ಲಿ ಜೋಡಿಸಿದೆವು, ಮೊಣಕೈ ಮಡಚೋಕೆ ಜಾಗ ಬಿಟ್ಟು. ಈಗ ಬಳೆಗೆ ವ್ಯಾಯಾಮದ ರಬ್ಬರ್ ಬ್ಯಾಂಡ್ ಸಿಕ್ಕಿಸುತ್ತಾನೆ, ಇಲ್ಲಾ 1 ಲೀಟರ್ ನೀರಿನ ಬಾಟಲಿ, ಅಂದರೆ ಹೆಚ್ಚುಕಮ್ಮಿ 1 ಕೆಜಿ. ಗಿಡ್ಡ ಕೈಗೆ ಅದೇ ತೂಕ ಹಗುರ ಅನ್ನಿಸುತ್ತದೆ, ಸನ್ನೆಗೋಲಿನ ಲೆಕ್ಕ ಅದು. ಹಾಗಂತ ತಕ್ಷಣ ಜಾಸ್ತಿ ಮಾಡಬೇಡಿ, ಚರ್ಮ ಒಗ್ಗಬೇಕು.

ಪಟ್ಟಿ ಬಿಚ್ಚಿದ ಮೇಲೆ ಕೆಂಪು ಗುರುತು 10 ನಿಮಿಷದಲ್ಲಿ ಹೋಗದಿದ್ದರೆ ಬಿಗಿ ಜಾಸ್ತಿ ಆಗಿದೆ. ಆಪರೇಷನ್ ಆಗಿ ಗಾಯ ಇನ್ನೂ ಹಸಿ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನು ಕಟ್ಟಲೇಬೇಡಿ.